ಹೋಗಿದೆ ಎನ್ನುವವರು, ಬಂದಿಲ್ಲ ಎನ್ನುವವರು: ದಾರಿಯಲ್ಲಿ ಕಾಣೆಯಾದ ಸಂದೇಶವನ್ನು ಪತ್ತೆಹಚ್ಚುವ ಕ್ರಮ

ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರದ ಪಕ್ಕಕ್ಕೆ ಸಣ್ಣ ಗೇಟ್‌ವೇ ಪೆಟ್ಟಿಗೆಯೊಂದನ್ನು ತಗುಲಿಹಾಕುವುದು ಈಗ ಅಪರೂಪವೇನಲ್ಲ. ಎಷ್ಟು ಬಿಡಿಭಾಗ ತಯಾರಾಯಿತು, ಯಂತ್ರ ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಎಂಬ ಲೆಕ್ಕವನ್ನು ಅದು ಎಂಕ್ಯೂಟಿಟಿ ಎಂಬ, ಯಂತ್ರಗಳ ನಡುವೆ ಸಂದೇಶ ಸಾಗಿಸುವ ನಿಯಮಾವಳಿಯ ಸಂದೇಶವಾಗಿಸಿ ವೈಟ್‌ಫೀಲ್ಡ್ ಕಡೆಯ ಯಾವುದೋ ಡೇಟಾ ಸೆಂಟರ್‌ನಲ್ಲಿರುವ ಸರ್ವರ್‌ಗೆ ಕಳುಹಿಸುತ್ತದೆ. ಅಲ್ಲಿಂದ ಡೇಟಾಬೇಸಿಗೆ, ಡೇಟಾಬೇಸಿನಿಂದ ಮಾಲೀಕರ ಮೊಬೈಲಿಗೆ. ತಿಂಗಳ ಕೊನೆಯಲ್ಲಿ ಗೋದಾಮಿನ ಎಣಿಕೆಗೂ ಮೊಬೈಲ್ ತೋರಿಸುವ ಎಣಿಕೆಗೂ ತಾಳೆಯಾಗದಿದ್ದಾಗ ಫೋನುಗಳು ಶುರುವಾಗುತ್ತವೆ. ಕಾರ್ಖಾನೆಯವರು ನಮ್ಮಿಂದ ಹೋಗಿದೆ ಎನ್ನುತ್ತಾರೆ, ಸರ್ವರ್ ನೋಡಿಕೊಳ್ಳುವವರು ನಮಗೆ ಬಂದಿಲ್ಲ ಎನ್ನುತ್ತಾರೆ, ಇಂಟರ್‌ನೆಟ್ ಕೊಟ್ಟವರು ಲೈನ್ ಚೆನ್ನಾಗಿದೆ ಎನ್ನುತ್ತಾರೆ. ಸಾಮಾನ್ಯವಾಗಿ ಮೂವರು ಹೇಳುವುದೂ ನಿಜವೇ ಆಗಿರುತ್ತದೆ. ಆ ಮೂರು ನಿಜಗಳ ನಡುವೆ ಸಂದೇಶ ಎಲ್ಲಿ ಬಿತ್ತು ಎಂದು ಹುಡುಕಬೇಕಾದವರಿಗೆ ಈ ಬರಹ.

ಹುಡುಕಾಟದ ಸೂತ್ರ ಒಂದೇ: ‘ನನಗೆ ಬಂತು’ ಎಂದು ಕೊನೆಯದಾಗಿ ಒಪ್ಪಿಕೊಂಡವರು ಯಾರು, ಒಪ್ಪಿಕೊಂಡದ್ದು ಯಾವುದಕ್ಕೆ? ಬಹುಮಹಡಿ ಕಟ್ಟಡದ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಮೊಹರು ಅರ್ಜಿ ಆವಕ ವಹಿಗೆ ಏರಿತು ಎಂಬುದಕ್ಕೆ ಸಾಕ್ಷಿಯೇ ಹೊರತು, ವಿಷಯ ನಿರ್ವಾಹಕರ ಮೇಜಿಗೆ ಹೋಯಿತು ಎಂಬುದಕ್ಕಲ್ಲ. ಕಂಪ್ಯೂಟರ್ ಜಾಲದ ಪ್ರತಿ ಸ್ವೀಕೃತಿಯೂ ಹೀಗೆ ಒಂದು ಹಂತಕ್ಕೆ ಮಾತ್ರ ಹೊಣೆ ಹೊರುತ್ತದೆ. ಜಾಲದ ಎರಡು ಯಂತ್ರಗಳ ನಡುವೆ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿಯ 1981ರ ಮಾನಕ ದಾಖಲೆಯಲ್ಲೇ ಇದು ಬರೆದಿದೆ: ಟಿಸಿಪಿ ಕೊಡುವ ಸ್ವೀಕೃತಿ ಬಳಕೆದಾರನಿಗೆ ದತ್ತಾಂಶ ತಲುಪಿದೆ ಎಂಬ ಖಾತರಿಯಲ್ಲ, ಆಚೆ ಬದಿಯ ಟಿಸಿಪಿ ಅದನ್ನು ತಲುಪಿಸುವ ಜವಾಬ್ದಾರಿ ಹೊತ್ತುಕೊಂಡಿದೆ ಎಂದಷ್ಟೇ ಅದರ ಅರ್ಥ. ಜವಾಬ್ದಾರಿ ಹೊತ್ತ ಯಂತ್ರ ಮರುಕ್ಷಣ ಕರೆಂಟ್ ಹೋಗಿ ನಿಂತರೆ, ಸ್ವೀಕೃತಿ ಕೊಟ್ಟದ್ದೂ ನಿಜ, ಸಂದೇಶ ಕಳೆದುಹೋದದ್ದೂ ನಿಜ.

ಮೊದಲು ದೂರನ್ನು ಗಟ್ಟಿ ಮಾಡಿಕೊಳ್ಳಿ

‘ಕೆಲವು ಸಂದೇಶ ಬರುತ್ತಿಲ್ಲ’ ಎಂಬ ದೂರನ್ನು ಇಟ್ಟುಕೊಂಡು ಏನನ್ನೂ ಹುಡುಕಲಾಗದು. ಯಾವ ಗೇಟ್‌ವೇ, ಯಾವ ಕ್ರಮಸಂಖ್ಯೆ, ಎಷ್ಟು ಗಂಟೆಗೆ ಹೊರಟಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಂದೇ ಒಂದು ಸಂದೇಶವನ್ನು ಹಿಡಿದುಕೊಳ್ಳಿ. ಸಂದೇಶಗಳಲ್ಲಿ ಕ್ರಮಸಂಖ್ಯೆಯೇ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ; ಅದಿಲ್ಲದೆ ಮಾಡುವ ತನಿಖೆಯೆಲ್ಲ ಊಹೆ.

ಅದರ ಜೊತೆಗೇ ಎರಡೂ ಬದಿಯ ಗಡಿಯಾರ ನೋಡಿ. ಒಮ್ಮೆ ಪಾಳಿ ಮೇಲ್ವಿಚಾರಕರೊಬ್ಬರು ಫೋನ್ ಮಾಡಿ, “ಸರ್, ರಾತ್ರಿ ಪಾಳಿಯ ಲೆಕ್ಕ ದಿನಾ ಕಡಿಮೆ ಬರುತ್ತಿದೆ” ಎಂದರು. “ಎಷ್ಟು ಗಂಟೆಯಿಂದ ಎಷ್ಟು ಗಂಟೆಯದು ಕಾಣುತ್ತಿಲ್ಲ, ಸ್ವಲ್ಪ ನೋಡಿ ಹೇಳುತ್ತೀರಾ?” ಎಂದು ಕೇಳಿದೆ. “ಹನ್ನೆರಡರಿಂದ ಐದೂವರೆ ತನಕ ಸರ್.” ಐದೂವರೆ ಎಂಬ ಮಾತು ಬಿದ್ದ ಮೇಲೆ ಹುಡುಕುವುದೇನೂ ಉಳಿಯಲಿಲ್ಲ. ಭಾರತೀಯ ಕಾಲಮಾನ ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಸರ್ವರ್ ಜಾಗತಿಕ ಕಾಲಮಾನದಲ್ಲಿ ದಿನಾಂಕ ಬದಲಿಸುತ್ತಿದ್ದರೆ, ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನ ಸಂದೇಶಗಳೆಲ್ಲ ಹಿಂದಿನ ದಿನದ ಖಾತೆಗೆ ಜಮೆಯಾಗುತ್ತವೆ. ಏನೂ ಕಳೆದಿರುವುದಿಲ್ಲ, ಬೇರೆ ಪುಟದಲ್ಲಿರುತ್ತದೆ ಅಷ್ಟೇ. ‘ಸಂದೇಶ ಕಾಣೆಯಾಗಿದೆ’ ಎಂಬ ದೂರು ಬಂದಾಗ ಜಾಲವನ್ನು ಮುಟ್ಟುವ ಮುನ್ನ ಇದನ್ನು ನೋಡುವುದು ಒಳ್ಳೆಯದು.

ಗೇಟ್‌ವೇಯ ಗಡಿಯಾರ ಎನ್‌ಟಿಪಿ (ಜಾಲದಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಸರಿಹೊಂದುತ್ತಿದೆಯೇ ಎಂದೂ ಪರೀಕ್ಷಿಸಿ. ಬ್ಯಾಟರಿ ಇಲ್ಲದ ಅನೇಕ ಅಗ್ಗದ ಬೋರ್ಡುಗಳು ಕರೆಂಟ್ ಹೋಗಿ ಬಂದಾಗ 1970ನೇ ಇಸವಿಯಿಂದ ಎಣಿಸಲು ಶುರುಮಾಡುತ್ತವೆ. ಎನ್‌ಟಿಪಿ ಸಿಗುವ ತನಕ ಹೊರಟ ಸಂದೇಶಗಳು ಆ ತಾರೀಖನ್ನೇ ಹೊತ್ತು ಹೋಗುತ್ತವೆ. ವರದಿಯಲ್ಲಿ ಅವನ್ನು ಯಾರು ತಾನೇ ಹುಡುಕುತ್ತಾರೆ?

ಸರಪಳಿಯ ಯಾವ ಕೊಂಡಿ?

ಹಿಡಿದುಕೊಂಡ ಸಂದೇಶದ ದಾರಿಯನ್ನು ಕಾಗದದ ಮೇಲೆ ಬರೆಯಿರಿ: ಗೇಟ್‌ವೇಯ ಪ್ರೋಗ್ರಾಂ, ಅದರ ಕಾರ್ಯಾಚರಣಾ ವ್ಯವಸ್ಥೆ, ಕಾರ್ಖಾನೆಯ ರೂಟರ್, ಇಂಟರ್‌ನೆಟ್, ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆ, ಎಂಕ್ಯೂಟಿಟಿ ಬ್ರೋಕರ್ (ಸಂದೇಶಗಳನ್ನು ಪಡೆದು ಕೇಳಿಕೊಂಡವರಿಗೆ ಹಂಚುವ ಮಧ್ಯವರ್ತಿ), ಸಂದೇಶ ಪಡೆಯುವ ಪ್ರೋಗ್ರಾಂ (ಎಂಕ್ಯೂಟಿಟಿ ಭಾಷೆಯಲ್ಲಿ ‘ಚಂದಾದಾರ’), ಡೇಟಾಬೇಸ್. ಗೇಟ್‌ವೇಯ ಲಾಗ್‌ನಲ್ಲಿ ‘ಕಳುಹಿಸಲಾಗಿದೆ’ ಎಂದಿದ್ದರೆ, ಆ ಸಾಲು ಯಾವ ಕ್ಷಣದಲ್ಲಿ ಅಚ್ಚಾಗುತ್ತದೆ ಎಂದು ಪ್ರೋಗ್ರಾಂ ಬರೆದವರನ್ನು ಕೇಳಿ. ಬಹಳಷ್ಟು ಸಲ ಅದು ದತ್ತಾಂಶವನ್ನು ತನ್ನದೇ ಯಂತ್ರದ ಬಫರ್‌ಗೆ, ಅಂದರೆ ತಾತ್ಕಾಲಿಕ ಸಂಗ್ರಹಕ್ಕೆ, ಒಪ್ಪಿಸಿದ ಕೂಡಲೇ ಅಚ್ಚಾಗುತ್ತಿರುತ್ತದೆ. ಸಂದೇಶ ಪೀಣ್ಯ ಬಿಟ್ಟಿರಲಿ, ಪೆಟ್ಟಿಗೆಯನ್ನೇ ಬಿಟ್ಟಿರುವುದಿಲ್ಲ.

ಇನ್ನು ಹುಡುಕಾಟ. ಮೊದಲ ಕೊಂಡಿಯಿಂದ ಒಂದೊಂದಾಗಿ ನೋಡುತ್ತಾ ಹೋಗುವುದಕ್ಕಿಂತ ಮಧ್ಯದಲ್ಲಿ ಕಡಿಯುವುದು ಲೇಸು. ಬ್ರೋಕರ್ ಇರುವ ಯಂತ್ರದಲ್ಲಿ ಜಾಲದಲ್ಲಿ ಬಂದುಹೋಗುವುದನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ, ಸಂದೇಶ ಅಲ್ಲಿಯವರೆಗೆ ಬಂತೇ ನೋಡಿ. ಬಂದಿದ್ದರೆ ಅರ್ಧ ಸರಪಳಿ ನಿರ್ದೋಷಿ, ರೂಟರ್‌ನವರನ್ನು ಬೈಯುವ ಅಗತ್ಯವಿಲ್ಲ. ಸಂಪರ್ಕ ಗೂಢಲಿಪೀಕರಣಗೊಂಡಿದ್ದರೆ ಟಿಸಿಪಿಡಂಪ್‌ನಲ್ಲಿ ಒಳಗಿನದು ಕಾಣುವುದಿಲ್ಲ. ಆಗ ಬ್ರೋಕರ್‌ನ ಲಾಗ್ ಮಟ್ಟವನ್ನು ಏರಿಸಿ, ಅದೇ ಹೆಸರಿನ ‘ವಿಷಯ’ಕ್ಕೆ (ಸಂದೇಶ ಯಾರಿಗೆ ಹೋಗಬೇಕೆಂದು ಬ್ರೋಕರ್ ಗುರುತಿಸುವ ಶೀರ್ಷಿಕೆ) ಒಂದು ಪರೀಕ್ಷಾ ಚಂದಾದಾರನನ್ನು ಕೂರಿಸಿ.

ಬ್ರೋಕರ್ ಒಪ್ಪಿಕೊಂಡಿತು, ಆಮೇಲೆ?

ನಾನು ಕಂಡಂತೆ ನಷ್ಟ ಹೆಚ್ಚಾಗುವುದು ಇಲ್ಲಿಯೇ. ಜನ ಬೈಯುವುದು ಮಾತ್ರ ಇಂಟರ್‌ನೆಟ್ ಲೈನನ್ನು.

ಎಂಕ್ಯೂಟಿಟಿಯಲ್ಲಿ ಸೇವಾ ಮಟ್ಟಗಳು ಮೂರು. ಸೊನ್ನೆಯಲ್ಲಿ ಕಳುಹಿಸಿ ಮರೆತುಬಿಡುವುದು. ಒಂದರಲ್ಲಿ ಪಬ್‌ಆ್ಯಕ್ ಎಂಬ ಸ್ವೀಕೃತಿ ಬರುತ್ತದೆ. ಬರದಿದ್ದರೆ ಸಂಪರ್ಕ ಮರುಸ್ಥಾಪನೆಯಾದ ಮೇಲೆ ಸಂದೇಶವನ್ನು ಮತ್ತೆ ಕಳುಹಿಸಬೇಕು. ಎರಡರಲ್ಲಿ ನಾಲ್ಕು ಹಂತದ ಕೈಕುಲುಕಾಟ ನಡೆದು ಸಂದೇಶ ಒಂದೇ ಬಾರಿ ತಲುಪುತ್ತದೆ. ಗೇಟ್‌ವೇಯಲ್ಲಿ ಮಟ್ಟ ಒಂದು ಎಂದು ಬರೆದು ಎಲ್ಲರೂ ನಿಶ್ಚಿಂತರಾಗುತ್ತಾರೆ. ಆದರೆ ಆ ಮಟ್ಟ ಗೇಟ್‌ವೇ ಮತ್ತು ಬ್ರೋಕರ್ ನಡುವಿನದು. ಬ್ರೋಕರ್‌ನಿಂದ ಚಂದಾದಾರನಿಗೆ ಹೋಗುವಾಗ ಚಂದಾದಾರ ಕೇಳಿಕೊಂಡ ಮಟ್ಟವೂ ಲೆಕ್ಕಕ್ಕೆ ಬರುತ್ತದೆ, ಎರಡರಲ್ಲಿ ಕಡಿಮೆ ಇರುವುದು ಜಾರಿಯಾಗುತ್ತದೆ. ಚಂದಾದಾರ ಸೊನ್ನೆ ಎಂದು ಬರೆದುಕೊಂಡಿದ್ದರೆ ಗೇಟ್‌ವೇ ಎರಡು ಎಂದು ಕಳುಹಿಸಿದರೂ ಕೊನೆಯ ಮೈಲಿಗೆ ಯಾವ ಖಾತರಿಯೂ ಇಲ್ಲ. ಎರಡೂ ಬದಿಯ ಸಂರಚನಾ ಕಡತ ತೆರೆದು ಕಣ್ಣಾರೆ ನೋಡಿ.

ಇನ್ನೂ ಮೋಸದ್ದು ಬೇರೊಂದಿದೆ. ಸಂದೇಶಕ್ಕೆ ಒಬ್ಬ ಚಂದಾದಾರನೂ ಇಲ್ಲದಿದ್ದರೂ ಬ್ರೋಕರ್ ಪಬ್‌ಆ್ಯಕ್ ಕೊಡುತ್ತದೆ. ಎಂಕ್ಯೂಟಿಟಿಯ 3.1.1 ಆವೃತ್ತಿಯಲ್ಲಿ ‘ಪಡೆಯುವವರು ಯಾರೂ ಇಲ್ಲ’ ಎಂದು ಹೇಳುವ ದಾರಿಯೇ ಇಲ್ಲ. 2019ರಲ್ಲಿ ಬಂದ 5ನೇ ಆವೃತ್ತಿಯಲ್ಲಿ ಅದಕ್ಕೊಂದು ಕಾರಣ ಸಂಕೇತ ಇದೆ, ಆದರೆ ಅದನ್ನು ಕಳುಹಿಸಲೇಬೇಕೆಂಬ ಕಡ್ಡಾಯವಿಲ್ಲ. ವಿಷಯದ ಹೆಸರಿನಲ್ಲಿ ಒಂದಕ್ಷರ ದೊಡ್ಡದು, ಇನ್ನೊಂದು ಕಡೆ ಚಿಕ್ಕದು ಇದ್ದರೂ ಸಾಕು. ಗೇಟ್‌ವೇಗೆ ದಿನವಿಡೀ ಸ್ವೀಕೃತಿ ಬರುತ್ತಲೇ ಇರುತ್ತದೆ, ಡೇಟಾಬೇಸ್ ಮಾತ್ರ ಬರಿದಾಗಿರುತ್ತದೆ.

ಚಂದಾದಾರ ಪ್ರೋಗ್ರಾಂ ಸ್ವಲ್ಪ ಹೊತ್ತು ನಿಂತಿದ್ದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಅದು ‘ಶುಚಿ ಅಧಿವೇಶನ’ದಲ್ಲಿ, ಅಂದರೆ ಪ್ರತಿ ಸಲ ಹಳೆಯದನ್ನು ಒರೆಸಿ ಹೊಸದಾಗಿ, ಸಂಪರ್ಕಿಸುತ್ತಿದ್ದರೆ ನಿಂತಿದ್ದ ಹೊತ್ತಿನ ಸಂದೇಶಗಳನ್ನು ಬ್ರೋಕರ್ ಇಟ್ಟುಕೊಳ್ಳುವುದಿಲ್ಲ. ಅಧಿವೇಶನ ಉಳಿಸಿಕೊಳ್ಳುವಂತೆ ಹೇಳಿದ್ದರೂ ಸರತಿಗೆ ಮಿತಿ ಇದೆ. ಮಾಸ್ಕಿಟೊ ಎಂಬ ಬ್ರೋಕರ್ ತಂತ್ರಾಂಶದ ಈಗಿನ ಆವೃತ್ತಿಗಳಲ್ಲಿ ಬೇರೆ ಏನೂ ಹೇಳದಿದ್ದರೆ ಒಬ್ಬ ಚಂದಾದಾರನಿಗೆ 1000 ಸಂದೇಶ. ನಲವತ್ತು ಯಂತ್ರಗಳು ಹತ್ತು ಸೆಕೆಂಡಿಗೊಂದರಂತೆ ಕಳುಹಿಸಿದರೆ ಸೆಕೆಂಡಿಗೆ ನಾಲ್ಕಾಯಿತು. 250 ಸೆಕೆಂಡಿನಲ್ಲಿ ಸರತಿ ಭರ್ತಿ. ಚಂದಾದಾರನನ್ನು ನಿಲ್ಲಿಸಿ ಹೊಸ ಆವೃತ್ತಿ ಏರಿಸಿ ಮತ್ತೆ ಶುರುಮಾಡಲು ಐದು ನಿಮಿಷ ಹಿಡಿದರೆ ಕೊನೆಯ ಐವತ್ತು ಸೆಕೆಂಡಿನ ಸಂದೇಶಗಳಿಗೆ ಜಾಗವಿರುವುದಿಲ್ಲ. ಇದೇ ಬ್ರೋಕರ್‌ನಲ್ಲಿ ಸರತಿಯನ್ನು ಡಿಸ್ಕಿಗೆ ಬರೆದಿಡುವ ವ್ಯವಸ್ಥೆಯೂ ನಾವಾಗಿ ಚಾಲೂ ಮಾಡದ ಹೊರತು ಆಗಿರುವುದಿಲ್ಲ. ಬ್ರೋಕರ್ ಮರುಪ್ರಾರಂಭವಾದರೆ ನೆನಪಿನಲ್ಲಿದ್ದದ್ದೆಲ್ಲ ಹೋಯಿತು.

ಎರಡು ಗೇಟ್‌ವೇಗಳು ಒಂದೇ ಗ್ರಾಹಕ ಗುರುತನ್ನು ಇಟ್ಟುಕೊಂಡಿರುವುದು ಇನ್ನೊಂದು ಮಾಮೂಲಿ ದೋಷ. ಕೆಲಸ ಬೇಗ ಆಗಲೆಂದು ಒಂದು ಪೆಟ್ಟಿಗೆಯ ಮೆಮೊರಿ ಕಾರ್ಡನ್ನು ಹಾಗೆಯೇ ನಕಲು ಮಾಡಿ ಇನ್ನೊಂದಕ್ಕೆ ಹಾಕಿದಾಗ ಹೀಗಾಗುತ್ತದೆ. ನಿಯಮದ ಪ್ರಕಾರ ಅದೇ ಗುರುತಿನಿಂದ ಹೊಸಬ ಬಂದರೆ ಬ್ರೋಕರ್ ಹಳಬನನ್ನು ಹೊರಹಾಕಲೇಬೇಕು. ಹೊರಬಿದ್ದವನು ಮತ್ತೆ ಬರುತ್ತಾನೆ, ಒಳಗಿದ್ದವನು ಹೊರಗೆ. ಲಾಗ್‌ನಲ್ಲಿ ಒಂದೇ ಗುರುತು, ಎರಡು ವಿಳಾಸಗಳು, ಕೆಲವೇ ಸೆಕೆಂಡುಗಳ ಅಂತರದಲ್ಲಿ ಸರದಿಯಂತೆ ಒಳಗೆ ಹೊರಗೆ ಓಡಾಡುತ್ತಿದ್ದರೆ ರೋಗ ಇದೇ. ಎರಡರಲ್ಲೊಂದು ಪೆಟ್ಟಿಗೆಯ ಪ್ಲಗ್ ಕಿತ್ತು ನೋಡಿ; ಓಡಾಟ ತಕ್ಷಣ ನಿಲ್ಲುತ್ತದೆ.

ಕೊನೆಯದಾಗಿ, ಚಂದಾದಾರ ಪ್ರೋಗ್ರಾಂ ತನ್ನ ಸ್ವೀಕೃತಿಯನ್ನು ಯಾವಾಗ ಕೊಡುತ್ತದೆ ನೋಡಿ. ಅನೇಕ ಲೈಬ್ರರಿಗಳು ಸಂದೇಶವನ್ನು ಪ್ರೋಗ್ರಾಂನ ಕೈಗಿಟ್ಟ ಬೆನ್ನಿಗೇ ತಾವಾಗಿ ಪಬ್‌ಆ್ಯಕ್ ಕಳುಹಿಸಿಬಿಡುತ್ತವೆ. ಪ್ರೋಗ್ರಾಂ ಅದನ್ನು ನೆನಪಿನಲ್ಲಿ ಪೇರಿಸಿಟ್ಟುಕೊಂಡು ನೂರಾದ ಮೇಲೆ ಒಟ್ಟಿಗೆ ಡೇಟಾಬೇಸಿಗೆ ಬರೆಯುವ ಜಾಣತನ ತೋರಿದರೆ, ತೊಂಬತ್ತೊಂಬತ್ತರಲ್ಲಿ ಸತ್ತಾಗ ತೊಂಬತ್ತೊಂಬತ್ತೂ ಹೋಗುತ್ತವೆ, ಲಾಗ್‌ನಲ್ಲಿ ಒಂದು ತಪ್ಪೂ ಕಾಣುವುದಿಲ್ಲ. ಡೇಟಾಬೇಸ್ ಬರೆದಾಯಿತು ಎಂದ ಮೇಲಷ್ಟೇ ಸ್ವೀಕೃತಿ ಹೋಗಬೇಕು. ಕೈಯಾರೆ ಸ್ವೀಕೃತಿ ಕೊಡುವ ಸೌಲಭ್ಯ ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ಲೈಬ್ರರಿ ಬದಲಿಸಿ.

ಸತ್ತ ಸಂಪರ್ಕ ಬದುಕಿದಂತೆ ಕಂಡಾಗ

ರಸ್ತೆ ಅಗೆದಾಗ ಕೇಬಲ್ ತುಂಡಾಗುವುದು ಈ ಊರಿಗೆ ಹೊಸದಲ್ಲ. ಅದಕ್ಕೆಂದೇ ಎಷ್ಟೋ ಕಡೆ ಫೈಬರ್ ಜೊತೆಗೆ ಸಿಮ್ ಹಾಕಿದ ಇನ್ನೊಂದು ದಾರಿ ಇಟ್ಟಿರುತ್ತಾರೆ. ಫೈಬರ್ ಹೋದೊಡನೆ ರೂಟರ್ ಸಿಮ್‌ಗೆ ಹೊರಳುತ್ತದೆ, ಬ್ರೌಸರ್ ತೆರೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊರಗಿನ ವಿಳಾಸ ಬದಲಾದ ಕಾರಣ ಹಳೆಯ ಟಿಸಿಪಿ ಸಂಪರ್ಕ ಸತ್ತಿರುತ್ತದೆ. ಅದನ್ನು ಗೇಟ್‌ವೇಗೆ ತಿಳಿಸಿದವರು ಯಾರೂ ಇಲ್ಲ. ಗೇಟ್‌ವೇಯ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್, ಸ್ವೀಕೃತಿ ಬಾರದ ದತ್ತಾಂಶವನ್ನು ಮತ್ತೆ ಮತ್ತೆ ಕಳುಹಿಸುತ್ತಾ, ಮೂಲ ಸಂರಚನೆಯಲ್ಲಿ ಸುಮಾರು ಹದಿನೈದು ನಿಮಿಷದ ನಂತರವೇ ಕೈಚೆಲ್ಲುತ್ತದೆ. ಅಷ್ಟು ಹೊತ್ತೂ ಪ್ರೋಗ್ರಾಂ ಬಫರ್‌ಗೆ ಬರೆಯುತ್ತಲೇ ಇರುತ್ತದೆ, ಬರೆದದ್ದು ಯಶಸ್ವಿ ಎಂದೇ ಉತ್ತರ ಪಡೆಯುತ್ತಿರುತ್ತದೆ. ಸೇವಾ ಮಟ್ಟ ಸೊನ್ನೆಯಾಗಿದ್ದರೆ ಆ ಹದಿನೈದು ನಿಮಿಷದ ಉತ್ಪಾದನೆ ಲೆಕ್ಕಕ್ಕೆ ಸಿಗುವುದಿಲ್ಲ.

ಗುರುತಿಸುವುದು ಸುಲಭ. ಗೇಟ್‌ವೇಯಲ್ಲಿ ಸಂಪರ್ಕಗಳ ಪಟ್ಟಿ ತೆಗೆದು, ಕಳುಹಿಸಬೇಕಾದ ಸರತಿಯ ಅಂಕಿ ನೋಡಿ. ಸಂಪರ್ಕ ‘ಸ್ಥಾಪಿತ’ ಎಂದು ತೋರಿಸುತ್ತಾ ಆ ಅಂಕಿ ಏರುತ್ತಲೇ ಇದ್ದರೆ ಆಚೆ ಬದಿಯಲ್ಲಿ ಕೇಳುವವರಿಲ್ಲ ಎಂದರ್ಥ. ಟಿಸಿಪಿಯ ಸ್ವಂತ ಜೀವಂತಿಕೆ ಪರೀಕ್ಷೆಯನ್ನು ನಂಬಬೇಡಿ; ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ನಡೆಯುತ್ತದೆ, ನಡೆದರೂ ಲಿನಕ್ಸ್‌ನಲ್ಲಿ ಮೊದಲ ವಿಚಾರಣೆ ಎರಡು ಗಂಟೆಯ ಮೌನದ ಬಳಿಕ. ಎಂಕ್ಯೂಟಿಟಿಯ ಜೀವಂತಿಕೆ ಅವಧಿಯನ್ನು ಮೂವತ್ತು ಸೆಕೆಂಡಿನ ಆಸುಪಾಸಿಗೆ ಇಳಿಸಿ. ಅದರ ಒಂದೂವರೆ ಪಟ್ಟು ಹೊತ್ತು ಏನೂ ಬಾರದಿದ್ದರೆ ಬ್ರೋಕರ್ ತಾನಾಗಿ ಸಂಪರ್ಕ ಕಡಿಯುತ್ತದೆ; ಗೇಟ್‌ವೇ ಕೂಡ ತನ್ನ ಪಿಂಗ್‌ಗೆ, ಅಂದರೆ ‘ಇದ್ದೀಯಾ’ ಎಂಬ ಪುಟ್ಟ ವಿಚಾರಣೆಗೆ, ಉತ್ತರ ಬಾರದಿದ್ದಾಗ ಹೊಸ ಸಂಪರ್ಕಕ್ಕೆ ಹೊರಡುತ್ತದೆ. ಕೆಲಸವಿಲ್ಲದ ಭಾನುವಾರ ಕಳೆದು ಸೋಮವಾರ ಬೆಳಗಿನ ಮೊದಲ ಸಂದೇಶಗಳಷ್ಟೇ ಕಾಣೆಯಾಗುತ್ತಿದ್ದರೂ ಮದ್ದು ಇದೇ. ನಡುವಿನ ವಿಳಾಸ ಬದಲಿಸುವ ಪೆಟ್ಟಿಗೆಗಳು ಬಹಳ ಹೊತ್ತು ಸುಮ್ಮನಿದ್ದ ಸಂಪರ್ಕವನ್ನು ಮರೆತುಬಿಡುತ್ತವೆ.

ಚಿಕ್ಕದು ದಾಟುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ

ಎಣಿಕೆಯ ಸಂದೇಶಗಳು ಸಲೀಸಾಗಿ ಹೋಗಿ, ಪಾಳಿ ಮುಗಿದಾಗಿನ ದೊಡ್ಡ ವರದಿ ಮಾತ್ರ ನೇತುಬೀಳುತ್ತಿದ್ದರೆ ಪ್ಯಾಕೆಟ್ ಗಾತ್ರದ ಮೇಲೆ ಅನುಮಾನ ಪಡಿ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಹೊರಬಲ್ಲದು; ಪಿಪಿಪಿಒಇ ಎಂಬ ಬಗೆಯ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಎಂಟು ಬೈಟ್ ಖರ್ಚಾಗಿ 1492 ಉಳಿಯುತ್ತದೆ. ‘ಇಷ್ಟು ದೊಡ್ಡದು ಹಿಡಿಸದು’ ಎಂದು ರೂಟರ್ ವಾಪಸು ಕಳುಹಿಸುವ ಐಸಿಎಂಪಿ ಸೂಚನೆಯನ್ನು ಭದ್ರತೆಯ ಹೆಸರಿನಲ್ಲಿ ಯಾರೋ ತಡೆದಿರುತ್ತಾರೆ. ಕಳುಹಿಸುವವನಿಗೆ ಸುದ್ದಿ ಸಿಗದೆ ಅದೇ ಗಾತ್ರವನ್ನು ಮತ್ತೆ ಮತ್ತೆ ದೂಡುತ್ತಾನೆ. ತುಂಡರಿಸಬೇಡ ಎಂಬ ಗುರುತು ಹಾಕಿ 1472 ಬೈಟಿನ ಪಿಂಗ್ ಕಳುಹಿಸಿ, ಬಳಿಕ 1464 ಬೈಟಿನದು (ತಲೆಬರಹದ 28 ಬೈಟ್ ಸೇರಿ ಇವು 1500 ಮತ್ತು 1492 ಆಗುತ್ತವೆ). ಮೊದಲನೆಯದು ಸೋತು ಎರಡನೆಯದು ಗೆದ್ದರೆ ರೂಟರ್‌ನಲ್ಲಿ ಟಿಸಿಪಿಯ ಗರಿಷ್ಠ ತುಣುಕನ್ನು 1452ಕ್ಕೆ ಬಿಗಿಯಿರಿ, ಐಸಿಎಂಪಿಯನ್ನು ಬಿಡುಗಡೆ ಮಾಡಿಸಿ.

ಒಂದೇ ಸಂದೇಶ ಎರಡೆರಡು ಸಲ

ನಷ್ಟವನ್ನು ಸರಿಪಡಿಸಿದ ಮರುವಾರವೇ ‘ಲೆಕ್ಕ ಜಾಸ್ತಿ ಬರುತ್ತಿದೆ’ ಎಂಬ ದೂರು ಬರುತ್ತದೆ. ಬರಲೇಬೇಕು. ಸಂದೇಶ ತಲುಪಿ ಸ್ವೀಕೃತಿ ದಾರಿಯಲ್ಲಿ ಕಳೆದರೆ, ಕಳುಹಿಸಿದವನಿಗೆ ಸಂದೇಶವೇ ಕಳೆದದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸ್ವೀಕೃತಿಗೆ ಸ್ವೀಕೃತಿ, ಅದಕ್ಕೊಂದು ಸ್ವೀಕೃತಿ ಎಂದು ಎಷ್ಟು ಬೆಳೆಸಿದರೂ ಕೊನೆಯದನ್ನು ಕಳುಹಿಸಿದವನ ಸಂಶಯ ಹಾಗೆಯೇ ಉಳಿಯುತ್ತದೆ. ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಹೆಸರಾದ ಈ ತೊಡಕು 1970ರ ದಶಕದಿಂದಲೂ ಪರಿಚಿತ, ಅದಕ್ಕೆ ಪರಿಹಾರ ಇಲ್ಲ ಎಂಬುದೂ ಸಾಬೀತಾಗಿದೆ. ದರ್ಶಿನಿಯಲ್ಲಿ ಯುಪಿಐ ಮೂಲಕ ಹಣ ಕೊಟ್ಟು, ಕೌಂಟರಿನ ಪೆಟ್ಟಿಗೆ ಮಾತನಾಡದಿದ್ದಾಗ ಇನ್ನೊಮ್ಮೆ ಕೊಡಬೇಕೇ ಎಂದು ನಿಂತಿರುತ್ತೇವಲ್ಲ, ಅದು ಇದೇ ತೊಡಕು. ಪೆಟ್ಟಿಗೆ ಸುಮ್ಮನಿದ್ದ ಮಾತ್ರಕ್ಕೆ ಹಣ ಹೋಗಿಲ್ಲ ಎಂದಲ್ಲ.

ಆದ್ದರಿಂದ ಮರುಕಳುಹಿಸುವಿಕೆಯನ್ನು ತಡೆಯಲು ಹೋಗಬೇಡಿ. ಎರಡನೆಯ ಪ್ರತಿ ಬಂದರೂ ಏನೂ ಕೆಡದಂತೆ ಮಾಡಿ. ಗೇಟ್‌ವೇ ಗುರುತು ಮತ್ತು ಕ್ರಮಸಂಖ್ಯೆ ಸೇರಿಸಿ ಡೇಟಾಬೇಸಿನಲ್ಲಿ ಅನನ್ಯ ಕೀಲಿ ಇಟ್ಟರೆ ನಕಲು ತಾನಾಗಿ ತಿರಸ್ಕೃತವಾಗುತ್ತದೆ. ಇಲ್ಲೊಂದು ಗುಂಡಿ ಇದೆ. ಕರೆಂಟ್ ಹೋಗಿ ಬಂದಾಗ ಗೇಟ್‌ವೇ ಕ್ರಮಸಂಖ್ಯೆಯನ್ನು ಒಂದರಿಂದ ಶುರುಮಾಡಿದರೆ, ಹೊಸ ಸಂದೇಶಗಳೆಲ್ಲ ಹಳೆಯವುಗಳ ನಕಲು ಎಂದು ಹೊರಬೀಳುತ್ತವೆ; ಸಂರಕ್ಷಣೆಗೆ ಇಟ್ಟ ಕೀಲಿಯೇ ನಷ್ಟಕ್ಕೆ ಕಾರಣವಾಗುತ್ತದೆ. ಸಂಖ್ಯೆಯನ್ನು ಡಿಸ್ಕಿನಲ್ಲಿ ಉಳಿಸಿ, ಇಲ್ಲವೇ ಎಷ್ಟನೆಯ ಸಲ ಚಾಲೂ ಆಯಿತು ಎಂಬ ಎಣಿಕೆಯನ್ನೂ ಕೀಲಿಗೆ ಸೇರಿಸಿ.

ಸಾಧ್ಯವಿದ್ದರೆ ಸಂದೇಶದ ಸ್ವರೂಪವನ್ನೇ ಬದಲಿಸಿ ಎಂಬುದು ನನ್ನ ಒತ್ತಾಯ. ‘ಇನ್ನೊಂದು ಬಿಡಿಭಾಗ ಆಯಿತು’ ಎಂದು ಕಳುಹಿಸುವ ಬದಲು ‘ಇಲ್ಲಿಯವರೆಗೆ ಒಟ್ಟು 4,312 ಆಯಿತು’ ಎಂದು ಕಳುಹಿಸಿದರೆ ನಡುವೆ ಹತ್ತು ಸಂದೇಶ ಬಿದ್ದುಹೋದರೂ ಹನ್ನೊಂದನೆಯದು ಎಲ್ಲವನ್ನೂ ತುಂಬಿಕೊಡುತ್ತದೆ, ಎರಡು ಸಲ ಬಂದರೂ ಒಟ್ಟು ಬದಲಾಗುವುದಿಲ್ಲ. ಮೇಲೆ ಹೇಳಿದ ಅರ್ಧ ದುರಸ್ತಿಗಳ ಅಗತ್ಯವೇ ಆಗ ಬೀಳುವುದಿಲ್ಲ.

ಇಮೇಲ್ ಆದರೆ

ಖರೀದಿ ಆದೇಶದ ಇಮೇಲ್ ಹೋಗಿಲ್ಲ ಎಂಬ ದೂರಿಗೂ ಸೂತ್ರ ಇದೇ, ಲಾಗ್ ಇನ್ನೂ ಸ್ಪಷ್ಟ. 250 ಎಂಬ ಉತ್ತರ ಬಂದಿದ್ದರೆ ಆಚೆಯ ಸರ್ವರ್ ಹೊಣೆ ಹೊತ್ತಿದೆ. ಇನ್ನು ಹುಡುಕಬೇಕಾದದ್ದು ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ, ಅವರ ಸರತಿಯ ಸಂಖ್ಯೆ ಕೊಟ್ಟು ಅವರನ್ನೇ ಕೇಳಿ. ನಾಲ್ಕರಿಂದ ಶುರುವಾಗುವ ಉತ್ತರ ತಾತ್ಕಾಲಿಕ: ಅಂಚೆ ನಮ್ಮದೇ ಸರತಿಯಲ್ಲಿದೆ, ಮತ್ತೆ ಪ್ರಯತ್ನ ನಡೆಯುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಇಮೇಲ್ ಸರ್ವರ್ ಮೂಲ ಸಂರಚನೆಯಲ್ಲಿ ಐದು ದಿನ ಪ್ರಯತ್ನಿಸುತ್ತದೆ, ತಡವಾಗುತ್ತಿದೆ ಎಂಬ ಎಚ್ಚರಿಕೆಯನ್ನು ನೀವು ಚಾಲೂ ಮಾಡದಿದ್ದರೆ ಐದೂ ದಿನ ಬಾಯಿ ಬಿಡುವುದಿಲ್ಲ. ಐದರಿಂದ ಶುರುವಾದರೆ ಖಡಾಖಂಡಿತ ನಿರಾಕರಣೆ. ಓದಿದ ಸೂಚನೆಯನ್ನು ಯಾವ ವಾದಕ್ಕೂ ಆಧಾರ ಮಾಡಿಕೊಳ್ಳಬೇಡಿ. ಕೊಡುವುದು ಬಿಡುವುದು ಓದುವವರ ಮರ್ಜಿ.

ದುರಸ್ತಿ ಆಗಿದೆಯೇ?

‘ಎರಡು ದಿನದಿಂದ ದೂರು ಬಂದಿಲ್ಲ’ ಎಂಬುದು ಉತ್ತರವಲ್ಲ. ಎಂಐಟಿಯ ಸಾಲ್ಟ್‌ಜರ್, ರೀಡ್, ಕ್ಲಾರ್ಕ್ 1984ರ ತಮ್ಮ ಪ್ರಬಂಧದಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾರೆ. ಅಲ್ಲಿನ ಜಾಲದಲ್ಲಿ ಹಂತದಿಂದ ಹಂತಕ್ಕೆ ಹೋಗುವಾಗ ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ತಪಾಸಣಾ ಮೊತ್ತ ಇತ್ತು, ಎಲ್ಲರೂ ಅದನ್ನೇ ನಂಬಿದ್ದರು. ಒಂದು ಗೇಟ್‌ವೇ ಯಂತ್ರ ಮಾತ್ರ ದತ್ತಾಂಶವನ್ನು ತನ್ನೊಳಗೆ ಒಂದು ಬಫರಿನಿಂದ ಇನ್ನೊಂದಕ್ಕೆ ನಕಲಿಸುವಾಗ ಆಗೊಮ್ಮೆ ಈಗೊಮ್ಮೆ ಜೋಡಿ ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ಪ್ರತಿ ಹಂತವೂ ಸರಿ ಎಂದಿತು, ಕಾರ್ಯಾಚರಣಾ ವ್ಯವಸ್ಥೆಯ ಮೂಲ ಕಡತಗಳು ಕೆಟ್ಟವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕೈಯಿಂದ ಹೋಲಿಸಿ ತಿದ್ದಬೇಕಾಯಿತು.

ನಾವೂ ಎರಡು ತುದಿಗಳನ್ನೇ ಹೋಲಿಸಬೇಕು. ಪ್ರತಿ ಪಾಳಿಯ ಕೊನೆಗೆ ಗೇಟ್‌ವೇ ತಾನು ಕಳುಹಿಸಿದ ಮೊದಲ ಮತ್ತು ಕೊನೆಯ ಕ್ರಮಸಂಖ್ಯೆ ಹೇಳಲಿ, ಡೇಟಾಬೇಸಿನಲ್ಲಿ ಆ ನಡುವಿನವೆಲ್ಲ ಇವೆಯೇ ಎಂದು ತಾಳೆ ನೋಡುವ ಸಣ್ಣ ಪ್ರೋಗ್ರಾಂ ಓಡಲಿ, ಬಿಟ್ಟುಹೋದ ಸಂಖ್ಯೆಗಳನ್ನು ಗೇಟ್‌ವೇಯಿಂದ ಮತ್ತೆ ಕೇಳಿ ಪಡೆಯಲಿ. ಅದಕ್ಕಾಗಿ ಗೇಟ್‌ವೇ ತನ್ನ ಸಂದೇಶಗಳನ್ನು ಬ್ರೋಕರ್‌ನ ಸ್ವೀಕೃತಿ ಬಂದ ಕೂಡಲೇ ಅಳಿಸದೆ, ಈ ತಾಳೆ ಮುಗಿಯುವ ತನಕ ಇಟ್ಟುಕೊಂಡಿರಬೇಕು.

ಆಮೇಲೆ ಬೇಕೆಂದೇ ಕೆಡಿಸಿ ನೋಡಿ. ಕಾರ್ಖಾನೆಯವರಿಗೆ ಮೊದಲೇ ತಿಳಿಸಿ, ಊಟದ ಬಿಡುವಿನಲ್ಲಿ ಫೈಬರ್ ತಂತಿಯನ್ನು ಕೀಳಿ, ಸಿಮ್‌ಗೆ ಹೊರಳಲಿ, ಮತ್ತೆ ಜೋಡಿಸಿ. ಚಂದಾದಾರ ಪ್ರೋಗ್ರಾಂ ಅನ್ನು ನಯವಾಗಿ ನಿಲ್ಲಿಸದೆ ಒಮ್ಮೆಲೇ ಕೊಲ್ಲಿ. ಬ್ರೋಕರ್ ಯಂತ್ರವನ್ನು ಮರುಪ್ರಾರಂಭಿಸಿ. ಗೇಟ್‌ವೇಯ ಪ್ಲಗ್ ಕಿತ್ತು ಮತ್ತೆ ಹಾಕಿ, ಕ್ರಮಸಂಖ್ಯೆ ಎಲ್ಲಿಂದ ಮುಂದುವರಿಯಿತು ನೋಡಿ. ಲಿನಕ್ಸ್‌ನ ನೆಟೆಮ್ ಬಳಸಿ ನೂರರಲ್ಲಿ ಐದು ಪ್ಯಾಕೆಟ್ ಬೀಳುವಂತೆ ಮಾಡಿ ಅರ್ಧ ಗಂಟೆ ಓಡಿಸಿ. ಒಂದೊಂದು ಪರೀಕ್ಷೆಯ ನಂತರವೂ ಕ್ರಮಸಂಖ್ಯೆಗಳ ತಾಳೆ ನಡೆಯಬೇಕು. ಒಂದು ಸಂಖ್ಯೆ ಬಿಟ್ಟುಹೋದರೂ ದುರಸ್ತಿ ಮುಗಿದಿಲ್ಲ. ನೆಟೆಮ್ ನಿಯಮವನ್ನು ಪರೀಕ್ಷೆ ಮುಗಿದೊಡನೆ ತೆಗೆಯಿರಿ, ತೆಗೆದದ್ದನ್ನು ಇನ್ನೊಬ್ಬರಿಂದ ನೋಡಿಸಿ.